ಸವಾರಿ ಬಂಡಿಯ ಒಳಸಜ್ಜು

ಸವಾರಿ ಬಂಡಿಯು ಜನರ ಪ್ರಯಾಣಕ್ಕಾಗಿ ಮೇಲೆ ಕಮಾನಿನ ಹೊದಿಕೆ ಕಟ್ಟಿ, ಒಳಗೆ ಕೂರಲು ಹಾಗೂ ಮಲಗಲು ಅಣಿಗೊಳಿಸಿದ ಎರಡು ಗಾಲಿಗಳ ಎತ್ತಿನ ಬಂಡಿಯಾಗಿದೆ. ಉತ್ತರ ಕರ್ನಾಟಕದ ಕಪ್ಪು ಮಣ್ಣಿನ ಸೀಮೆಯಲ್ಲಿ ಜಾತ್ರೆ, ಉರುಸು, ಮದುವೆ ಮೊದಲಾದ ಸಂದರ್ಭಗಳಲ್ಲಿ ಕುಟುಂಬಗಳು ಇಂತಹ ಬಂಡಿಗಳಲ್ಲಿ ದಾರಿಯಲ್ಲೇ ರಾತ್ರಿ ತಂಗುತ್ತ ಊರಿಂದೂರಿಗೆ ಸಾಗುತ್ತಿದ್ದವು. ಒಳಸಜ್ಜು ಎಂದರೆ ಆ ಪಯಣಕ್ಕೆ ಬೇಕಾಗುವ ಹಾಸಿಗೆ, ಹೊದಿಕೆ, ನೀರು, ಅಡುಗೆಯ ಸಾಮಾನು, ಮೇವು ಮತ್ತು ಬೆಳಕಿನ ವ್ಯವಸ್ಥೆ. ಕಚ್ಚಾ ದಾರಿಯಲ್ಲಿ ವಾಹನದ ಹಿಂದೆ ಎಳೆದೊಯ್ಯುವ ಇಂದಿನ ಸಣ್ಣ ಶಿಬಿರ ಟ್ರೇಲರಿನ ಒಳಾಂಗಣವನ್ನು ರೂಪಿಸುವಾಗ ಏಳುವ ಪ್ರಶ್ನೆಗಳೆಲ್ಲವೂ ಈ ಬಂಡಿಯಲ್ಲಿ ಮೊದಲೇ ಎದ್ದಿದ್ದವು. ಈ ಲೇಖನವು ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ನೆಲೋಗಿ ಹಾಗೂ ನೆರೆಯ ಅಫಜಲಪುರ, ಆಳಂದ ತಾಲ್ಲೂಕುಗಳ ಪರಿಸರವನ್ನು ಮುಖ್ಯವಾಗಿ ಇಟ್ಟುಕೊಂಡು ಆ ಪ್ರಶ್ನೆಗಳನ್ನು ಪರಿಶೀಲಿಸುತ್ತದೆ.

ಹೆಸರುಗಳು

ಸರಕು ಸಾಗಿಸುವ ಬಂಡಿಯನ್ನು ಈ ಭಾಗದಲ್ಲಿ ಬಂಡಿ ಅಥವಾ ಗಾಡಿ ಎಂದೂ, ಧಾರವಾಡ ಮತ್ತು ಬೆಳಗಾವಿ ಕಡೆಗೆ ಚಕ್ಕಡಿ ಎಂದೂ ಕರೆಯುತ್ತಾರೆ. ಅದಕ್ಕೆ ಕಮಾನು ಕಟ್ಟಿದಾಗ ಸವಾರಿ ಬಂಡಿ, ಕಮಾನು ಬಂಡಿ, ಕೊಲ್ಲಾರಿ ಬಂಡಿ ಎಂಬ ಹೆಸರುಗಳು ಬರುತ್ತವೆ. ರಬ್ಬರ್ ಟೈರಿನ ಗಾಲಿಗಳುಳ್ಳದ್ದು ಟೈರ್ ಗಾಡಿ. ಶ್ರೀಮಂತರ ಮನೆಗಳಲ್ಲಿ ಸವಾರಿಗೆಂದೇ ಮೀಸಲಾದ ಹಗುರವಾದ ಬಂಡಿ ಇರುತ್ತಿತ್ತು. ಉಳಿದವರು ಹೊಲಕ್ಕೆ ಗೊಬ್ಬರ ಹೊತ್ತ ಬಂಡಿಯನ್ನೇ ತೊಳೆದು, ಕಮಾನು ಏರಿಸಿ, ಜಾತ್ರೆಗೆ ಹೂಡುತ್ತಿದ್ದರು. ಎರಡನೆಯ ಬಗೆಯೇ ಸಂಖ್ಯೆಯಲ್ಲಿ ಹೆಚ್ಚು. ಒಳಸಜ್ಜಿನ ಎಲ್ಲ ಭಾಗಗಳೂ ಬಿಚ್ಚಿ ತೆಗೆಯುವಂತಿರಬೇಕೆಂಬ ನಿಯಮ ಹುಟ್ಟಿದ್ದು ಇದರಿಂದಲೇ.

ನೆಲ ಮತ್ತು ದಾರಿ

ನೆಲೋಗಿಯು ಜೇವರ್ಗಿಯಿಂದ ಸಿಂದಗಿಯತ್ತ ಹೋಗುವ ದಾರಿಯಲ್ಲಿರುವ ಗ್ರಾಮ. 2004ರಿಂದ 2006ರವರೆಗೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎನ್. ಧರ್ಮಸಿಂಗ್ ಅವರ ಹುಟ್ಟೂರು ಇದೇ. ಉತ್ತರಕ್ಕೆ ಭೀಮಾ ನದಿ. ನದಿಯಾಚೆಗೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರವಿದ್ದು, ಅಲ್ಲಿ ಅಮರ್ಜಾ ನದಿಯು ಭೀಮೆಯನ್ನು ಸೇರುತ್ತದೆ. ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಯೂ ಭೀಮೆಯ ದಡದ್ದೇ. ಕಲಬುರಗಿಯಲ್ಲಿ ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆಯೂ, ಖಾಜಾ ಬಂದೇನವಾಜ್ ದರ್ಗಾದ ಉರುಸೂ ನಡೆಯುತ್ತವೆ. ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾ ಇದೆ.

ನೆಲೋಗಿಯಿಂದ ಜೇವರ್ಗಿ, ಕಟ್ಟಿಸಂಗಾವಿ, ಫರಹತಾಬಾದ್ ಮಾರ್ಗವಾಗಿ ಕಲಬುರಗಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚಿನ ದೂರವಿದೆ. ಎತ್ತಿನ ಬಂಡಿಯ ವೇಗ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್. ಬಿಸಿಲೇರಿದ ಮೇಲೆ ಎತ್ತುಗಳಿಗೆ ವಿಶ್ರಾಂತಿ ಕೊಡಲೇಬೇಕು. ಹೀಗಾಗಿ ಈ ಪಯಣದಲ್ಲಿ ಕನಿಷ್ಠ ಒಂದು ರಾತ್ರಿ ಬಯಲಲ್ಲಿ ಕಳೆಯುವುದು ಅನಿವಾರ್ಯವಾಗಿತ್ತು. ಬಂಡಿಯು ವಾಹನವಷ್ಟೇ ಆಗದೆ ಬಿಡಾರವೂ ಆಗಬೇಕಾದ ಕಾರಣ ಇಷ್ಟೇ.

ಇಲ್ಲಿನ ನೆಲ ಎರೆಮಣ್ಣಿನದು. ಮಳೆ ಬಿದ್ದರೆ ಮಣ್ಣು ಗಾಲಿಯ ಅರೆಗಳ ನಡುವೆ ಮೆತ್ತಿಕೊಂಡು ಗಾಲಿಯೇ ತಿರುಗದಂತಾಗುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಕಲ್ಲಿನಂತೆ ಗಟ್ಟಿಯಾಗುತ್ತದೆ. ಜಾತ್ರೆಗಳು ಬಹುಪಾಲು ಸುಗ್ಗಿಯ ನಂತರದ ಒಣ ತಿಂಗಳುಗಳಲ್ಲಿ ಬರುವುದರಿಂದ ಬಂಡಿಗಳು ಗಟ್ಟಿಯಾದ ಜಾಡಿನ ಮೇಲೆ ಓಡುತ್ತಿದ್ದವು. ಒಂದು ಸೀಮೆಯ ಬಂಡಿಗಳ ಎರಡು ಗಾಲಿಗಳ ನಡುವಣ ಅಂತರ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು. ಇಲ್ಲವಾದರೆ ಒಂದು ಗಾಲಿ ಜಾಡಿನೊಳಗೂ ಇನ್ನೊಂದು ದಿಬ್ಬದ ಮೇಲೂ ಓಡಿ ಬಂಡಿ ವಾಲುತ್ತದೆ. ಇಂದು ಕಚ್ಚಾ ದಾರಿಯ ಟ್ರೇಲರ್ ಕೊಳ್ಳುವವರಿಗೆ, ಅದರ ಗಾಲಿಗಳ ಅಂತರವು ಎಳೆಯುವ ವಾಹನದ ಗಾಲಿಗಳ ಅಂತರಕ್ಕೆ ಸಮನಾಗಿರಲಿ ಎಂದು ಹೇಳುವುದೂ ಇದೇ ಕಾರಣಕ್ಕೆ.

ಭಾರದ ಹಂಚಿಕೆ

ಒಳಸಜ್ಜಿನಲ್ಲಿ ಮೊದಲು ಗೊತ್ತುಮಾಡಬೇಕಾದುದು ಭಾರದ ಸ್ಥಾನ. ಹಾಸಿಗೆಯ ವಿಚಾರ ಆಮೇಲಿನದು. ಎರಡು ಗಾಲಿಗಳ ಬಂಡಿ ಒಂದು ತಕ್ಕಡಿಯಿದ್ದಂತೆ. ಅಚ್ಚು ಅದರ ನಡುಮುಳ್ಳು. ಭಾರವೆಲ್ಲ ಮುಂದೆ ಬಂದರೆ ಬಂಡಿ ‘ಮುಂಭಾರ’ವಾಗಿ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ, ಹೆಗಲು ಬಾತು ಹುಣ್ಣಾಗುತ್ತದೆ. ಭಾರ ಹಿಂದೆ ಸರಿದರೆ ಬಂಡಿ ‘ಹಿಂಭಾರ’ವಾಗಿ ನೊಗ ಮೇಲಕ್ಕೆದ್ದು ಕೊರಳ ಪಟ್ಟಿ ಎತ್ತುಗಳ ಗಂಟಲನ್ನು ಬಿಗಿಯುತ್ತದೆ. ಎರಡರಲ್ಲಿ ಹಿಂಭಾರವೇ ಹೆಚ್ಚು ಅಪಾಯಕಾರಿ, ಏರು ದಾರಿಯಲ್ಲಂತೂ ವಿಶೇಷವಾಗಿ. ಆದುದರಿಂದ ಧಾನ್ಯದ ಚೀಲ, ನೀರಿನ ಕೊಡ, ಟ್ರಂಕುಗಳನ್ನು ಅಚ್ಚಿನ ಮೇಲೆ ಅಥವಾ ಅದಕ್ಕಿಂತ ತುಸು ಮುಂದಕ್ಕೆ, ತಳಕ್ಕೆ ತಾಗುವಂತೆ ಇಡುತ್ತಾರೆ. ಹಿಂಬದಿಗೆ ಹಗುರವಾದ ಗಂಟುಗಳು. ಹೊಡೆಯುವವನು ಏರಿನಲ್ಲಿ ಮುಂದಕ್ಕೆ ಸರಿದು ಕೂರುವುದು, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುವುದು ಅಥವಾ ಇಳಿದು ನಡೆಯುವುದು ಈ ಲೆಕ್ಕಕ್ಕೆ ಸೇರಿದ್ದೇ.

ಮೋಟಾರು ವಾಹನದ ಹಿಂದೆ ಕಟ್ಟುವ ಟ್ರೇಲರಿಗೂ ಇದೇ ನಿಯಮ ಅನ್ವಯಿಸುತ್ತದೆ. ಒಟ್ಟು ತೂಕದ ಸುಮಾರು ಶೇಕಡಾ 10ರಿಂದ 15ರಷ್ಟು ಭಾರವು ಮುಂದಿನ ಕೊಂಡಿಯ ಮೇಲೆ ಬೀಳಬೇಕು. 500 ಕಿಲೋ ತೂಕದ ಟ್ರೇಲರಾದರೆ ಕೊಂಡಿಯ ಮೇಲೆ 50ರಿಂದ 75 ಕಿಲೋ. ಇದಕ್ಕಿಂತ ಬಹಳ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರಿನ ಹಿಂಬದಿ ಅತ್ತಿತ್ತ ಬೀಸತೊಡಗಿ ಎಳೆಯುವ ವಾಹನವನ್ನೂ ದಾರಿ ತಪ್ಪಿಸುತ್ತದೆ. ಒಂದು ಸರಳ ಲೆಕ್ಕದಿಂದ ಇದನ್ನು ತಿಳಿಯಬಹುದು. ಕೊಂಡಿಯು ಅಚ್ಚಿಗಿಂತ 3 ಮೀಟರ್ ಮುಂದಿದೆ ಎಂದುಕೊಳ್ಳೋಣ. 40 ಲೀಟರ್ ನೀರಿನ ತೊಟ್ಟಿಯನ್ನು ಅಚ್ಚಿನಿಂದ ಒಂದೂವರೆ ಮೀಟರ್ ಹಿಂದೆ ಇಟ್ಟರೆ, 40ನ್ನು 1.5ರಿಂದ ಗುಣಿಸಿ 3ರಿಂದ ಭಾಗಿಸಿದಾಗ ಬರುವ 20 ಕಿಲೋದಷ್ಟು ಭಾರ ಕೊಂಡಿಯಿಂದ ಇಳಿದುಹೋಗುತ್ತದೆ. ಅದೇ ತೊಟ್ಟಿಯನ್ನು ಅಚ್ಚಿನ ನೇರಕ್ಕೆ ಇಟ್ಟರೆ ತುಂಬಿದ್ದರೂ ಖಾಲಿಯಿದ್ದರೂ ಸಮತೋಲ ಕೆಡುವುದಿಲ್ಲ. ನೀರು ದಿನದಿನಕ್ಕೆ ಕಡಿಮೆಯಾಗುವ ವಸ್ತುವಾದುದರಿಂದ ಅದರ ಸ್ಥಾನವನ್ನು ಇಡೀ ಒಳಾಂಗಣದಲ್ಲಿ ಮೊದಲು ನಿರ್ಧರಿಸುವುದು ಒಳ್ಳೆಯದು.

ತಳ ಮತ್ತು ಹಾಸಿಗೆ

ಬಂಡಿಯ ಒಳಗಿನ ಅಗಲ ಎರಡು ಗಾಲಿಗಳ ನಡುವಣ ಜಾಗಕ್ಕೆ ಸೀಮಿತ. ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ಅಡಿ. ಇಬ್ಬರು ದೊಡ್ಡವರು ಒತ್ತಾಗಿ, ಅಥವಾ ಒಬ್ಬ ತಾಯಿ ಎರಡು ಮೂರು ಮಕ್ಕಳೊಂದಿಗೆ ಮಲಗಬಹುದು. ಗಂಡಸರು ಬಂಡಿಯ ಕೆಳಗೆ ಅಥವಾ ಪಕ್ಕದಲ್ಲಿ ಮಲಗುತ್ತಿದ್ದರು. ಎತ್ತುಗಳ ಕಾವಲಿಗೂ ಅದೇ ಅನುಕೂಲ.

ಮರದ ಗಾಲಿಯ ಬಂಡಿಗೆ ಸ್ಪ್ರಿಂಗ್ ಇರುವುದಿಲ್ಲ. ದಾರಿಯ ಪ್ರತಿ ಕಲ್ಲಿನ ಪೆಟ್ಟೂ ನೇರವಾಗಿ ಕೂತವರ ಬೆನ್ನಿಗೆ ತಲುಪುತ್ತದೆ. ಇದಕ್ಕೆ ಪರಿಹಾರವೆಂದರೆ ತಳದ ಹಾಸು. ಮೊದಲು ಒಂದು ಮೊಳ ದಪ್ಪಕ್ಕೆ ಜೋಳದ ಕಣಿಕೆ ಅಥವಾ ಒಣ ಹುಲ್ಲು, ಅದರ ಮೇಲೆ ಬಿಚ್ಚಿದ ಗೋಣಿ, ಬಳಿಕ ಜಮಖಾನೆ, ಎಲ್ಲಕ್ಕೂ ಮೇಲೆ ಕೌದಿ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ಕೈಯಿಂದ ಹೊಲಿದ ಕೌದಿಯು ಹಾಸಲೂ ಹೊದೆಯಲೂ ಬರುತ್ತದೆ, ಮಡಿಚಿದರೆ ಬೆನ್ನಿಗೆ ಒರಗು ದಿಂಬಾಗುತ್ತದೆ. ಈ ಏರ್ಪಾಡಿನ ಜಾಣತನ ಇರುವುದು ಕಣಿಕೆಯಲ್ಲಿ. ಅದು ಹಾಸಿಗೆಯೂ ಹೌದು, ಎತ್ತುಗಳ ಮೇವೂ ಹೌದು. ದಾರಿ ಸಾಗಿದಂತೆ ಎತ್ತುಗಳು ಹಾಸಿಗೆಯನ್ನು ತಿನ್ನುತ್ತ ಹೋಗುತ್ತವೆ, ಬಂಡಿಯ ಭಾರವೂ ಇಳಿಯುತ್ತ ಬರುತ್ತದೆ. ಜಾತ್ರೆಯಿಂದ ಮರಳುವ ಬಂಡಿಯಲ್ಲಿ ಬೆನ್ನುನೋವು ಹೆಚ್ಚೆಂಬ ಮಾತಿಗೆ ಇದೇ ಆಧಾರವಿರಬೇಕು.

ಇಂದಿನ ಟ್ರೇಲರಿನಲ್ಲಿ ಕಣಿಕೆಯ ಜಾಗಕ್ಕೆ ಫೋಮ್ ಹಾಸಿಗೆ ಬಂದಿದೆ. ಫೋಮನ್ನು ನೇರವಾಗಿ ಪ್ಲೈವುಡ್ ಅಥವಾ ತಗಡಿನ ಮೇಲೆ ಹಾಕಿದರೆ ರಾತ್ರಿ ಮೈಯ ಉಸಿರಿನ ತೇವ ಕೆಳಗೆ ಸೇರಿ ಬೂಷ್ಟು ಹಿಡಿಯುತ್ತದೆ. ಕೆಳಗೆ ಪಟ್ಟಿಗಳ ಹಲಗೆಯಿಟ್ಟು ಗಾಳಿಯಾಡಲು ಬಿಡುವುದು ಅಗತ್ಯ. ಕಣಿಕೆಯ ಹಾಸಿನಲ್ಲಿ ಗಾಳಿ ತಾನಾಗಿಯೇ ಆಡುತ್ತಿತ್ತು.

ಕಮಾನು ಮತ್ತು ಹೊದಿಕೆ

ಸೀಳಿದ ಬಿದಿರನ್ನು ಬಾಗಿಸಿ ಬಂಡಿಯ ಎರಡೂ ಪಕ್ಕದ ಗೂಟಗಳಿಗೆ ಕಟ್ಟಿ ಕಮಾನು ನಿಲ್ಲಿಸುತ್ತಾರೆ. ಅದರ ಮೇಲೆ ಬಿದಿರಿನ ತಟ್ಟಿ ಅಥವಾ ಚಾಪೆ, ಮೇಲೊಂದು ಕಂಬಳಿ ಅಥವಾ ತಾಡಪತ್ರಿ. ಮುಂದೆಯೂ ಹಿಂದೆಯೂ ತೆರೆದಿರುವುದರಿಂದ ಓಡುವಾಗ ಗಾಳಿ ಆಡುತ್ತದೆ. ರಾತ್ರಿ ಬೇಕಾದರೆ ಸೀರೆಯ ಪರದೆ. ಕುರಿಯ ಉಣ್ಣೆಯ ಕಂಬಳಿ ಚಳಿಯನ್ನೂ ಸಣ್ಣ ಮಳೆಯನ್ನೂ ತಡೆಯುತ್ತದೆ, ಆದರೆ ನೆನೆದರೆ ಬಹಳ ತೂಗುತ್ತದೆ. ತಾಡಪತ್ರಿ ನೀರನ್ನು ಪೂರ್ತಿ ತಡೆಯುತ್ತದೆ, ಆದರೆ ಕಲಬುರಗಿಯ ಬಿಸಿಲಿನಲ್ಲಿ ಒಳಗಿನವರನ್ನು ಬೇಯಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ತಟ್ಟಿಗೂ ತಾಡಪತ್ರಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಕಟ್ಟಿದರೆ ಒಳಗೆ ತಂಪಿರುತ್ತದೆ. ಲೋಹದ ಛಾವಣಿಯ ಟ್ರೇಲರಿಗೂ ಇದೇ ಉಪಾಯ ಸಲ್ಲುತ್ತದೆ.

ಕಮಾನಿಗೆ ಚೀಲ, ಬುಟ್ಟಿ ತೂಗುಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಬುತ್ತಿಯ ಗಂಟಿನಷ್ಟು ಹಗುರವಾದವನ್ನು ತೂಗಬಹುದು. ಭಾರವಾದುದನ್ನು ಮೇಲೆ ಕಟ್ಟಿದರೆ ಜಾಡು ತಪ್ಪಿದಾಗ ಬಂಡಿ ಮಗುಚುವ ಸಂಭವ ಹೆಚ್ಚು.

ನೀರು, ಅಡುಗೆ, ಬೆಳಕು

ಬಂಡಿಯೊಳಗೆ ಒಲೆ ಹೂಡುವ ಪದ್ಧತಿ ಇರಲಿಲ್ಲ. ಒಳಗೆಲ್ಲ ಒಣಹುಲ್ಲು ಇರುವಾಗ ಅದು ಸಾಧ್ಯವೂ ಅಲ್ಲ. ಇಳಿದಾಣದಲ್ಲಿ ಗಾಳಿಯ ದಿಕ್ಕು ನೋಡಿ, ಬಂಡಿಯಿಂದ ದೂರಕ್ಕೆ ಮೂರು ಕಲ್ಲು ಹೂಡಿ ಅಡುಗೆ. ಅಡುಗೆಯ ಅಗತ್ಯವನ್ನೇ ಕಡಿಮೆ ಮಾಡುವ ಆಹಾರವೂ ಈ ಸೀಮೆಯಲ್ಲಿದೆ: ಹಲವು ದಿನ ಕೆಡದ ಜೋಳದ ಹಾಗೂ ಸಜ್ಜೆಯ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಉಳ್ಳಾಗಡ್ಡಿ. ಜಾತ್ರೆಯ ಮುನ್ನಾದಿನಗಳಲ್ಲಿ ಮನೆಯ ಹೆಂಗಸರು ರೊಟ್ಟಿ ಬಡಿದು ಒಟ್ಟುತ್ತಿದ್ದುದು ಪಯಣದ ಅಡುಗೆಮನೆಯನ್ನು ಮನೆಯಲ್ಲೇ ಮುಗಿಸುವ ಕ್ರಮವಾಗಿತ್ತು. ಒಳಸಜ್ಜಿನ ಯೋಜನೆಯಲ್ಲಿ ಅವರ ಪಾಲು ದೊಡ್ಡದು.

ಕಂದೀಲನ್ನು ಬಂಡಿಯ ಕೆಳಗೆ ತೂಗುಹಾಕುತ್ತಿದ್ದರು. ದಾರಿಯೂ ಕಾಣುತ್ತದೆ, ಹಿಂದೆ ಬರುವವರಿಗೆ ಬಂಡಿಯೂ ಕಾಣುತ್ತದೆ, ಹುಲ್ಲಿಗೆ ಕಿಡಿ ತಾಗುವುದಿಲ್ಲ. ತಳದ ಕೆಳಗಿನ ಜಾಗದಲ್ಲೇ ಜೋಲಿ ಕಟ್ಟಿ ಬಕೆಟ್ಟು, ಹಗ್ಗ, ಕೀಲೆಣ್ಣೆಯ ಡಬ್ಬಿ ಇಡುತ್ತಿದ್ದುದುಂಟು. ತಂಗಿದಾಗ ನೊಗ ಬಿಚ್ಚಿದ ಬಂಡಿ ಮುಂದಕ್ಕೋ ಹಿಂದಕ್ಕೋ ಬಾಗದಂತೆ ಮುಂದೆ ಹಿಂದೆ ಊರುಗೋಲು ಕೊಟ್ಟು, ಗಾಲಿಗಳಿಗೆ ಕಲ್ಲು ಅಡ್ಡ ಇಡಬೇಕು. ಒಳಗೆ ಮಲಗಿದ ಮಕ್ಕಳ ಹೊರಳಾಟಕ್ಕೂ ಬಂಡಿ ಎದ್ದು ಬಿದ್ದೀತು. ಇಂದಿನ ಟ್ರೇಲರಿನ ನಾಲ್ಕು ಮೂಲೆಯ ಜಾಕುಗಳ ಕೆಲಸವೂ ಇದೇ.

ಮುಚ್ಚಿದ ಟ್ರೇಲರಿನೊಳಗೆ ಗ್ಯಾಸ್ ಒಲೆ ಇಡಬಯಸುವವರು ಎರಡು ಸಂಗತಿಗಳನ್ನು ನೆನಪಿಡಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ತಳದಲ್ಲಿ, ಅಂದರೆ ಹಾಸಿಗೆಯ ಮಟ್ಟದಲ್ಲೇ ಶೇಖರವಾಗುತ್ತದೆ. ಆದುದರಿಂದ ಮೇಲಿನ ಕಿಟಕಿ ಸಾಲದು, ತಳದಲ್ಲೂ ಗಾಳಿಗಂಡಿ ಬೇಕು. ಎರಡನೆಯದು, ಇದ್ದಿಲ ಅಗ್ಗಿಷ್ಟಿಕೆಯನ್ನಾಗಲಿ ಉರಿಯುವ ಒಲೆಯನ್ನಾಗಲಿ ಚಳಿ ಕಾಯಲೆಂದು ಒಳಗಿಟ್ಟು ಮಲಗಲೇಬಾರದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ.

ಕಬ್ಬಿನ ಹಂಗಾಮಿನ ಗಾಡಿಗಳು

ಜಾತ್ರೆಯ ಪಯಣ ಕೆಲವು ದಿನಗಳದು. ತಿಂಗಳುಗಟ್ಟಲೆ ಗಾಡಿಯನ್ನು ನಂಬಿ ಬದುಕುವವರು ಕಬ್ಬು ಕಡಿಯುವ ಕಾರ್ಮಿಕರು. ಭೀಮೆಯ ನೀರಾವರಿಯಿಂದ ಈ ಭಾಗದಲ್ಲಿ ಕಬ್ಬು ಹೆಚ್ಚಿದಂತೆ ಮಳ್ಳಿ, ಅಫಜಲಪುರ ತಾಲ್ಲೂಕಿನ ಹವಳಗಾ ಮುಂತಾದೆಡೆ ಸಕ್ಕರೆ ಕಾರ್ಖಾನೆಗಳು ಬಂದವು. ಮಹಾರಾಷ್ಟ್ರದ ಬೀಡ್ ಮೊದಲಾದ ಜಿಲ್ಲೆಗಳಿಂದಲೂ ಕರ್ನಾಟಕದ ತಾಂಡಾಗಳಿಂದಲೂ ಕುಟುಂಬಗಳು ಚಳಿಗಾಲದ ಆರಂಭದಲ್ಲಿ ಕಬ್ಬಿನ ಸೀಮೆಗಳಿಗೆ ಹೊರಟು ಬೇಸಿಗೆಯವರೆಗೆ ಅಲ್ಲೇ ನೆಲೆಸುತ್ತವೆ. ಟೈರ್ ಗಾಡಿಯಲ್ಲಿ ಬರುವವರ ಇಡೀ ಸಂಸಾರ ಆ ಗಾಡಿಯಲ್ಲೇ ಇರುತ್ತದೆ: ಹಿಟ್ಟಿನ ಡಬ್ಬಿ, ಪಾತ್ರೆಗಳು, ಕೌದಿಗಳು, ಕೋಳಿಬುಟ್ಟಿ, ತೊಟ್ಟಿಲ ಸೀರೆ. ಹೊಲ ತಲುಪಿದ ಮೇಲೆ ಗಾಡಿಯ ಮೇಲಿದ್ದ ತಾಡಪತ್ರಿ ಮತ್ತು ಬಿದಿರು ಇಳಿದು ಗುಡಿಸಲಾಗುತ್ತವೆ. ಖಾಲಿ ಗಾಡಿ ಕಬ್ಬು ಹೇರಲು ಹೋಗುತ್ತದೆ. ಬಿಚ್ಚಿ ತೆಗೆಯಬಹುದಾದ ಒಳಸಜ್ಜಿನ ತತ್ತ್ವ ಇಲ್ಲಿ ವಿಹಾರದ ಮಾತಲ್ಲ, ಹೊಟ್ಟೆಪಾಡಿನ ಮಾತು. ಶಿಬಿರ ಟ್ರೇಲರ್ ಕುರಿತ ಬರಹಗಳಲ್ಲಿ ಇವರ ಪ್ರಸ್ತಾಪ ಬಾರದಿರುವುದು ಸರಿಯಲ್ಲ.

ಇಂತಹ ಗಾಡಿಗಳನ್ನು ಎಳೆಯುವ ಎತ್ತುಗಳ ಮೇಲಿನ ಭಾರದ ಸಮಸ್ಯೆಯನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡಿದವರಲ್ಲಿ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಪ್ರಮುಖರು. ನೊಗದಿಂದಾಗುವ ಗಾಯ, ಗಾಲಿಯ ಘರ್ಷಣೆ, ಸಮತೋಲದ ಕೊರತೆ ಇವುಗಳನ್ನು ನಿವಾರಿಸಿ ಬಂಡಿಯನ್ನು ಸುಧಾರಿಸಬೇಕೆಂದು ಅವರು 1970ರ ದಶಕದಿಂದಲೇ ವಾದಿಸಿದರು.

ಟ್ರ್ಯಾಕ್ಟರ್ ಟ್ರೇಲರ್

ಈಗ ನೆಲೋಗಿ ಸೀಮೆಯಲ್ಲಿ ಜಾತ್ರೆಗೆ ಹೊರಡುವ ಕುಟುಂಬಗಳು ಹೆಚ್ಚಾಗಿ ಬಸ್ಸು, ಜೀಪು ಅಥವಾ ಟ್ರ್ಯಾಕ್ಟರಿನ ಟ್ರೇಲರನ್ನು ಅವಲಂಬಿಸುತ್ತವೆ. ಟ್ರೇಲರಿಗೆ ಕಬ್ಬಿಣದ ಕಮಾನು ನಿಲ್ಲಿಸಿ ತಾಡಪತ್ರಿ ಕಟ್ಟುವುದು, ತಳಕ್ಕೆ ಹೊಟ್ಟು ಅಥವಾ ಹುಲ್ಲು ಹರಡಿ ಜಮಖಾನೆ ಹಾಸುವುದು ಹಳೆಯ ಬಂಡಿಯ ಅನುಕರಣೆಯೇ. ಆದರೆ ಎರಡಕ್ಕೂ ಮುಖ್ಯವಾದ ಅಂತರವಿದೆ. ಟ್ರೇಲರಿನ ತಳ ನೆಲದಿಂದ ಎತ್ತರದಲ್ಲಿದೆ, ಅದರ ಬಾಗಿಲು ಹಲಗೆಗಳು ಸರಕಿಗಾಗಿ ಮಾಡಿದವು, ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ವೇಗವೋ ಎತ್ತಿನ ಬಂಡಿಯ ಏಳೆಂಟು ಪಟ್ಟು. ತಿರುವಿನಲ್ಲಿ ಜನರೆಲ್ಲ ಒಂದೇ ಬದಿಗೆ ಸರಿದರೆ ಭಾರವೂ ಅತ್ತ ಸರಿದು ಟ್ರೇಲರ್ ಮಗುಚುತ್ತದೆ. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯ ಘಾಟಂಪುರದ ಬಳಿ ದೇವಿಯ ದರ್ಶನ ಮುಗಿಸಿ ಮರಳುತ್ತಿದ್ದ ಟ್ರ್ಯಾಕ್ಟರ್ ಟ್ರೇಲರ್ ಹೊಂಡಕ್ಕೆ ಉರುಳಿ 25ಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು.

ಕೃಷಿ ಟ್ರೇಲರಿನಲ್ಲಿ ಪ್ರಯಾಣಿಕರನ್ನು ಸಾಗಿಸುವುದಕ್ಕೆ ಕಾನೂನಿನ ಅನುಮತಿಯಿಲ್ಲ. ಒಳಗೆ ಎಷ್ಟೇ ಮೆತ್ತನೆಯ ಹಾಸಿಗೆ ಹಾಕಿದರೂ ಅದು ಜನರ ವಾಹನವಾಗುವುದಿಲ್ಲ. ಬಂಡಿಯ ಒಳಸಜ್ಜನ್ನು ಟ್ರೇಲರಿಗೆ ವರ್ಗಾಯಿಸಿದವರು ಬಂಡಿಯ ನಿಧಾನವನ್ನು ವರ್ಗಾಯಿಸಲಿಲ್ಲ. ಸಾಮಾನು, ಮೇವು, ಪಾತ್ರೆಗಳನ್ನು ಟ್ರೇಲರಿನಲ್ಲಿ ಕಳುಹಿಸಿ ಜನರು ಬಸ್ಸಿನಲ್ಲಿ ಹೋಗುವುದು, ನಿಂತ ಟ್ರೇಲರನ್ನು ಜಾತ್ರೆಯ ಬಯಲಿನಲ್ಲಿ ಮಲಗಲು ಬಳಸುವುದು ಸುರಕ್ಷಿತವಾದ ದಾರಿ. ರಾತ್ರಿ ರಸ್ತೆಯ ಅಂಚಿನಲ್ಲಿ ನಿಲ್ಲಿಸುವ ಟ್ರೇಲರಿನ ಹಿಂಬದಿಗೆ ಬೆಳಕು ಹೊಳೆಯಿಸುವ ಕೆಂಪು ಪಟ್ಟಿ ಇರಲೇಬೇಕು. ಹಳಬರ ಕಂದೀಲು ಮಾಡುತ್ತಿದ್ದ ಕೆಲಸವನ್ನು ಈಗ ಈ ಪಟ್ಟಿ ಮಾಡಬೇಕಾಗಿದೆ.

ಕಾರಿಗೆ ಕಟ್ಟುವ ಶಿಬಿರ ಟ್ರೇಲರ್

ಅಮೆರಿಕದಲ್ಲಿ 1930ರ ದಶಕದಲ್ಲಿ ಕಾರಿನ ಹಿಂದೆ ಎಳೆಯುವ, ಕಣ್ಣೀರ ಹನಿಯ ಆಕಾರದ ಪುಟ್ಟ ಟ್ರೇಲರುಗಳು ಬಳಕೆಗೆ ಬಂದವು. ಅವುಗಳ ವಿನ್ಯಾಸ ಸರಳ: ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಹಿಂಬದಿಯ ಮುಚ್ಚಳ ಎತ್ತಿದರೆ ಹೊರಗೆ ನಿಂತು ಅಡುಗೆ ಮಾಡುವ ಕಟ್ಟೆ. ಉದ್ದ ಎಂಟು ಅಡಿ, ಅಗಲ ನಾಲ್ಕು ಅಡಿ ಎಂಬ ಅಳತೆ ಅನೇಕವುಗಳಲ್ಲಿ ಕಾಣುತ್ತದೆ. ಪ್ಲೈವುಡ್ ಹಲಗೆಯ ಅಳತೆಯೂ ಅದೇ. ಒಳಗೆ ಮಲಗಿ ಹೊರಗೆ ಬೇಯಿಸುವ ಈ ಕ್ರಮವೂ, ನಾಲ್ಕಡಿಯ ಅಗಲವೂ ಸವಾರಿ ಬಂಡಿಯದನ್ನೇ ಹೋಲುತ್ತವೆ. ಒಂದರಿಂದ ಇನ್ನೊಂದು ಬಂದದ್ದಲ್ಲ, ಮನುಷ್ಯನ ಮೈ ಅಳತೆ ಎಲ್ಲೆಡೆ ಒಂದೇ.

ಭಾರತದಲ್ಲಿ ಮನೆಯಂತೆ ಸಜ್ಜುಗೊಳಿಸಿದ ವಾಹನಗಳ ಪ್ರವಾಸಕ್ಕೆ ಕೇರಳ ಸರ್ಕಾರವು 2021ರಲ್ಲಿ ನೀತಿಯೊಂದನ್ನು ಪ್ರಕಟಿಸಿತು. ಅಲ್ಲಿ ಬಳಕೆಯಾಗುವುದು ಹೆಚ್ಚಾಗಿ ಸ್ವಂತ ಎಂಜಿನ್ ಇರುವ ವಾಹನಗಳೇ. ಕಾರಿನ ಹಿಂದೆ ಕಟ್ಟುವ ಟ್ರೇಲರ್ ನಮ್ಮಲ್ಲಿ ಇನ್ನೂ ವಿರಳ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೇಲರಿಗೂ ನೋಂದಣಿ ಬೇಕು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಅದೇ ಕಾಯ್ದೆಯ 52ನೆಯ ಕಲಂ ನಿಷೇಧಿಸುತ್ತದೆ. ಹೀಗಾಗಿ ಒಳಾಂಗಣವನ್ನು ತಮಗೆ ಬೇಕಾದಂತೆ ರೂಪಿಸಿಕೊಳ್ಳುವವರು ಚೌಕಟ್ಟು, ಅಚ್ಚು, ಗಾಲಿಗಳ ಗೋಜಿಗೆ ಹೋಗದೆ, ಎತ್ತಿ ಇಳಿಸಬಹುದಾದ ಪೆಟ್ಟಿಗೆ, ಮಡಿಚುವ ಹಲಗೆ, ಬಿಗಿಯುವ ಪಟ್ಟಿಗಳಲ್ಲೇ ಕೆಲಸ ಮುಗಿಸುವುದು ಮೇಲು. ಕಚ್ಚಾ ದಾರಿಯ ಅದುರುವಿಕೆಗೆ ಮೊಳೆ ಹೊಡೆದ ಕಪಾಟುಗಳ ಕೀಲುಗಳು ಸಡಿಲಾಗುತ್ತವೆ; ತಳಕ್ಕೆ ಪಟ್ಟಿಯಿಂದ ಬಿಗಿದ ಟ್ರಂಕು ಅಲ್ಲಾಡುವುದಿಲ್ಲ. ಹಗುರವಾದ ಬಟ್ಟೆಯ ಜೇಬುಗಳು ಗೋಡೆಗೆ, ಭಾರವಾದ ಪೆಟ್ಟಿಗೆಗಳು ತಳಕ್ಕೆ, ನೀರು ಅಚ್ಚಿನ ನೇರಕ್ಕೆ. 12 ವೋಲ್ಟಿನ ಬ್ಯಾಟರಿ ಮತ್ತು ಎಲ್‌ಇಡಿ ದೀಪ ಒಂದೆರಡು ರಾತ್ರಿಗೆ ಸಾಕು. ಬ್ಯಾಟರಿಯೂ ಭಾರವಾದುದರಿಂದ ಅದರ ಜಾಗ ಅಚ್ಚಿಗಿಂತ ಮುಂದೆ.

ಇಂದಿನ ಸ್ಥಿತಿ

ಬೆಳಗಾವಿ ಜಿಲ್ಲೆಯ ಸವದತ್ತಿಯ ಎಲ್ಲಮ್ಮ ಮತ್ತು ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಗಳಿಗೆ ಇಂದಿಗೂ ಎತ್ತಿನ ಬಂಡಿಗಳಲ್ಲಿ ಬರುವ ಭಕ್ತರಿದ್ದಾರೆ. ಅಲ್ಲಿನ ಬಯಲುಗಳಲ್ಲಿ ಸಾಲಾಗಿ ನಿಂತ ಕಮಾನು ಬಂಡಿಗಳ ಒಳಸಜ್ಜನ್ನು ನೇರವಾಗಿ ನೋಡಬಹುದು. ಕಲಬುರಗಿ ಜಿಲ್ಲೆಯಲ್ಲಿ ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂದಂತೆ ಮರದ ಗಾಲಿ ಮಾಡುವ ಬಡಿಗರಿಗೂ, ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಗಾಲಿಗೆ ತೊಡಿಸುವ ಕಮ್ಮಾರರಿಗೂ ಕೆಲಸ ತೀರ ಕಡಿಮೆಯಾಗಿದೆ. ಕರಿಜಾಲಿಯ ಮರದಿಂದ ಮಾಡಿದ ಹಳೆಯ ಗಾಲಿಗಳು ನಗರದ ಉಪಾಹಾರ ಗೃಹಗಳ ಅಲಂಕಾರಕ್ಕೆ ಮಾರಾಟವಾಗುತ್ತಿವೆ. ಕಮಾನು ಕಟ್ಟಲು, ಭಾರ ಹೂಡಲು ಬಲ್ಲ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಬಂಡಿಯ ಭಾಗಗಳಿಗೆ ಅವರು ಬಳಸುವ ಹೆಸರುಗಳು ಊರಿಂದೂರಿಗೆ ಬದಲಾಗುತ್ತವೆ. ಅವುಗಳ ಸಂಗ್ರಹ ಆಗಬೇಕಾಗಿದೆ.